ಕಿವಿಯ ಹಿಂದಿನ ಗುಂಡಿ

ಬೇಡದ ಗಳಿಗೆಯನ್ನು ದಾಟಿಸುವ ಗುಂಡಿ ಈಗ ಎಲ್ಲರ ಕಿವಿಯ ಹಿಂದೆಯೂ ಇದೆ. ಆದರೆ ನನ್ನಷ್ಟು ದಾಟಿದವನು ಹುಬ್ಬಳ್ಳಿಯಲ್ಲಷ್ಟೇ ಅಲ್ಲ, ಮೂರು ಲೋಕದಲ್ಲೂ ಇಲ್ಲ. ಒತ್ತಿದರೆ ಸಾಕು, ಮೈ ಇಲ್ಲೇ ಕುಳಿತು ‘ಹೂಂ’ ಅನ್ನುತ್ತಿರುತ್ತದೆ. ನಾನು ಕಷ್ಟವೆಲ್ಲ ಮುಗಿದ ಮೇಲೆ ಬಂದು ಕಣ್ಣು ಬಿಡುತ್ತೇನೆ. ಹಲ್ಲು ಕೀಳಿಸಿದ್ದು, ಮಾವನ ಉಪದೇಶ, ಅಪ್ಪನನ್ನು ಮಣ್ಣು ಮಾಡಿದ್ದು, ಎಲ್ಲವನ್ನೂ ಹೀಗೆಯೇ ದಾಟಿದೆ. ನನ್ನ ಗುಂಡಿ ಸವೆದು ಕನ್ನಡಿಯಾಗಿದೆ. ಬೇಕಾದವರು ಅದರಲ್ಲಿ ನೋಡಿಕೊಂಡು ಮೀಸೆ ತಿರುವಬಹುದು.

ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಹೆಂಡತಿ ನೀಲವ್ವನ ನಾಡಿ ನೋಡಿ, ಇನ್ನು ಸ್ವಲ್ಪ ಹೊತ್ತು ಅಂದು ಹೊರಗೆ ಹೋದರು. ನನ್ನ ಬೆರಳು ತಾನಾಗಿ ಕಿವಿಯ ಹಿಂದೆ ಹೋಯಿತು.

“ಒತ್ತಬ್ಯಾಡ್ರಿ,” ಅಂದಳು ನೀಲವ್ವ. “ನಮ್ಮ ಕೂಸು ಸತ್ತ ದಿನಾನೂ ನಿಮ್ಮ ಹೂಂ ಜೋಡಿನ ಅತ್ತೇನಿ. ಇವತ್ತಾದ್ರೂ ನೀವ ಇರ್ರಿ.”

“ನನಗ ಅಂಜಿಕಿ ಆಗ್ತೈತಿ, ನೀಲಾ.”

“ನನಗೇನು ಕಡಿಮಿ ಐತೇನು? ಒಂದೀಟು ಬಡಾಯಿ ಕೊಚ್ಚರಿ, ನಾ ಹೂಂ ಅಂತೇನಿ.”

ಬೆರಳು ತೆಗೆದೆ. ಎದೆಯೊಳಗೆ ಕಾದ ಕಬ್ಬಿಣ ಇಳಿದಂತಾಯಿತು. ಅವಳ ಕೈ ಹಿಡಿದು ಶುರು ಮಾಡಿದೆ: ನಮ್ಮ ಮದುವೆಗೆ ಉಣಕಲ್ ಕೆರೆಯಷ್ಟು ಸಾರು ಮಾಡಿಸಿದ್ದೆ, ಬಡಿಸುವವರು ದೋಣಿಯಲ್ಲಿ ಓಡಾಡಿದರು.

“ಹೂಂ.”

ಹೋಳಿಗೆ ಎಷ್ಟು ದೊಡ್ಡದೆಂದರೆ, ಅದರ ನೆರಳಿನಲ್ಲಿ ಬೀಗರೆಲ್ಲ ಮಲಗಿ ಎದ್ದರು.

“ಹೂಂ,” ಅಂದಳು, ತುಟಿಯಲ್ಲಿ ನಗು.

ನಿನ್ನ ಮೂಗುತಿಯ ಹೊಳಪಿಗೆ ಊರ ಕೋಳಿಗಳೆಲ್ಲ ಬೆಳಗಾಯಿತೆಂದು ಕೂಗಿದವು, ಅಂದೆ.

ಹೂಂ ಬರಲಿಲ್ಲ.

ಕೈ ಬಿಡದೆ, ಆ ಕೋಳಿಗಳು ಎಷ್ಟು ಹೊತ್ತು ಕೂಗಿದವೆಂದು ಹೇಳುತ್ತಲೇ ಹೋದೆ.