ಕಾಲುಸಂಕ

ಹೊಳೆಯ ಈ ದಡದಲ್ಲಿ ಗುಡ್ಡ ಹತ್ತಿ, ಮರದ ಕಿರುಸೇತುವೆಯಾದ ಕಾಲುಸಂಕ ದಾಟಿ, ಆ ದಡದಲ್ಲಿ ಇಳಿಯಬೇಕು. ರಾಷ್ಟ್ರೀಯ ಉದ್ಯಾನದ ಆ ಚಾರಣದಲ್ಲಿ ಅರ್ಧ ದಾರಿಗೇ ನಿವೃತ್ತ ಅರಣ್ಯಾಧಿಕಾರಿಯ ಮಂಡಿ ಸೋತಿತ್ತು.

“ಸಂಕ ಎಲ್ಲಿ ಮಾರಾಯಾ? ನನ್ನ ಜೀಪು ಆಚೆ ದಡಕ್ಕೆ ಬರುತ್ತೆ.”

“ಸಂಕ ಇಲ್ಲ ಸಾರ್. ಗುಡ್ಡ ಸುತ್ತಿ ಹೋಗ್ಬೇಕು. ಏಳು ಕಿಲೋಮೀಟರು,” ಎಂದ ಗೈಡ್.

“ಈ ಕಾಲಲ್ಲಾ? ಸತ್ತೇ ಹೋಗ್ತೀನಿ!”

“ನನ್ನ ಹೆಂಡ್ತಿ ಹಾಗೇ ಸತ್ತಿದ್ದು. ನಾವು ಕಾಡು ಬಿಟ್ಟು ಹೋಗ್ಲಿ ಅಂತ ನೀವು ನಮ್ಮೂರ ಸಂಕ ಕಡಿಸಿದ್ರಲ್ಲ, ಆ ವರ್ಷ. ಹೆರಿಗೆ ನೋವಿನವಳನ್ನ ಇದೇ ದಾರೀಲಿ ಹೊತ್ಕೊಂಡು ಹೋಗಿದ್ದೆ.”

ಅಧಿಕಾರಿ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು.

“ಆದ್ರೆ... ಟ್ರೆಕ್ಕಿಂಗ್‌ನವರಿಗೆ ಅಂತ ಆಮೇಲೆ ಹೊಸದು ಹಾಕಿದ್ರಲ್ಲ?”

ಗೈಡ್ ಸೊಂಟದ ಕತ್ತಿಯನ್ನು ಸರಿಮಾಡಿಕೊಂಡ.

“ಹಾಕಿದ್ರು. ಇವತ್ತು ಬೆಳಿಗ್ಗೆವರೆಗೂ ಇತ್ತು ಸಾರ್.”