ಲ್ಯೂಟಿನ ಬುರುಡೆಯೊಳಗೆ

ಒರ್ಸೋಲ ಸುತ್ತಿಗೆ ಬೀಸಿದ ಹೊಡೆತಕ್ಕೆ ಲ್ಯೂಟ್ ಎಂಬ ತಂತಿವಾದ್ಯದ ಬುರುಡೆ ಹೋಳಾಯಿತು. ಹರಿದ ತಂತಿಯೊಂದು ಅವಳ ಕೆನ್ನೆಯನ್ನೇ ಸೀಳಿತು.

"ಹುಚ್ಚು ಹಿಡಿದಿದ್ಯೇನೇ ನಿಂಗೆ? ಮೂರು ತಿಂಗಳ ಕೆಲಸ ಅದು," ಎನ್ನುತ್ತ ವಾದ್ಯ ಮಾಡುವ ಝುವಾನೆ ಅಡ್ಡ ಬಂದ. ಅವಳು ಮೊಣಕೈಯಿಂದ ಅವನ ಮೂಗಿಗೆ ಗುದ್ದಿದಳು.

ಬುರುಡೆಯ ಸಂದುಗಳು ಬಿಡದಿರಲೆಂದು ಒಳಗೆ ಅಂಟಿಸಿದ್ದ ಕಾಗದದ ಚೂರುಗಳಲ್ಲಿ ಗೆರೆಗಳ ಮೇಲೆ ಅಂಕಿಗಳಿದ್ದವು. ವಾದ್ಯದ ತೂತಿನಲ್ಲಿ ಇಣುಕಿದಾಗ ಅವಳಿಗೆ ಕಂಡದ್ದು ಇವೇ: ಸತ್ತ ಅಪ್ಪ ಅಚ್ಚು ಹಾಕಿದ್ದ ಲ್ಯೂಟ್ ಸಂಗೀತ. ಆ ಪುಸ್ತಕದ ಒಂದು ಪ್ರತಿಗಾಗಿ ಅವಳು ವೆನಿಸ್ಸನ್ನೆಲ್ಲ ಜಾಲಾಡಿದ್ದಳು.

"ಮೀನು ಮಾರೋನು ಮೀನು ಕಟ್ಟೋ ಕಾಗದ ಅಂತ ಕೊಟ್ಟ, ನಾನು ತಂದ್ಕೊಂಡೆ. ನಂಗೇನು ಗೊತ್ತು," ಎಂದು ಝುವಾನೆ ರಕ್ತ ಒರೆಸಿಕೊಂಡ.

ಅವಳು ಚೂರುಗಳನ್ನು ಉಗುರಿನಿಂದ ಎಬ್ಬಿಸಿ ಜೋಡಿಸಿದಳು. ಒಂದೇ ಪುಟವಾಯಿತು.

"ಉಳಿದಿದ್ದೆಲ್ಲಿ?"

ಝುವಾನೆಯ ಕಣ್ಣು ಗೋಡೆಯತ್ತ ಹೋಯಿತು. ಅಲ್ಲಿ ಆರು ಹೊಸ ಲ್ಯೂಟುಗಳು ತೂಗುತ್ತಿದ್ದವು.

ಒರ್ಸೋಲ ಮತ್ತೆ ಸುತ್ತಿಗೆ ಎತ್ತಿಕೊಂಡಳು.