ಮುಂಜಾನೆ ಬೇಗ ಏಳುವ ಅಪ್ಪ

ಸೇಡು ಕೆಟ್ಟದ್ದು, ಕ್ಷಮೆ ದೊಡ್ಡದು ಅಂತ ದಿನಾ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ...

ನಾನಂತೂ ಒಂದು ಸೇಡನ್ನು ಕಣ್ಣಾರೆ ಕಂಡೆ. ಕಂಡು ಖುಷಿಪಟ್ಟೆ.

ನಮ್ಮ ತಾಲೂಕಿನ ಕನ್ನಡ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಮಕ್ಕಳಿಗೆ ಬರವಣಿಗೆ ಕಲಿಸುವುದು ಹೇಗೆ ಎಂಬ ವಿಷಯ. ನಾವೆಲ್ಲ ಸಹಿ ಹಾಕಿ, ಉಪ್ಪಿಟ್ಟು ತಿಂದು, ಫ್ಯಾನಿನ ಕೆಳಗೆ ಜಾಗ ಹಿಡಿದು ಕೂತಿದ್ದೆವು.

ತರಬೇತಿ ಕೊಡಲು ಬಂದವರು ದ್ಯಾಮವ್ವ ಮೇಡಂ. ಹಾಜರಿ ಕೂಗುತ್ತ ಒಂದು ಹೆಸರಿನ ಹತ್ತಿರ ಅವರ ದನಿ ನಿಂತುಬಿಟ್ಟಿತು...

ಅಡಿವೆಪ್ಪ ಮಾಸ್ತರ. ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಹಿರಿಯರು. ಬರುವ ಬೇಸಿಗೆಗೆ ರಿಟೈರ್ ಆಗುವವರು.

"ಮಕ್ಕಳಿಗೆ ಬರಿಯೂದು ಕಲಸ್ತೀರಿ. ನೀವು ಸ್ವಂತ ಬರದು ಎಷ್ಟ ವರ್ಷ ಆತ್ರಿ?" ಮೇಡಂ ಕೇಳಿದರು. ಎಲ್ಲರೂ ತಲೆ ತಗ್ಗಿಸಿದೆವು.

"ಹಂಗಾದ್ರ ಈಗ ಬರೀರಿ. ವಿಷಯ... ನನ್ನ ತಂದೆ."

ಅಡಿವೆಪ್ಪ ಮಾಸ್ತರ ಎಲ್ಲರಿಗಿಂತ ಮೊದಲು ಮುಗಿಸಿ, ಎದ್ದು ನಿಂತು ಠೀವಿಯಿಂದ ಓದಿದರು.

"ನನ್ನ ತಂದೆ ಮುಂಜಾನೆ ಬೇಗ ಏಳುತ್ತಾರೆ. ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ಯುತ್ತಾರೆ. ಅವರೆಂದರೆ ನನಗೆ ಪಂಚಪ್ರಾಣ."

ಗೈಡಿನಲ್ಲಿ ಇರುವುದೇ ಅದು. ನಾವೂ ಅದನ್ನೇ ಬೋರ್ಡ್ ಮೇಲೆ ಬರೆದು ಮಕ್ಕಳಿಂದ ಕಾಪಿ ಮಾಡಿಸುವುದು!

"ನಿಮ್ಮ ತಂದೆಯವರು ಈಗ ಎಲ್ಲಿ ಅದಾರ್ರಿ?" ಮೇಡಂ ಮೆಲ್ಲಗೆ ಕೇಳಿದರು.

"ಎಲ್ಲಿ ಇರ್ತಾರ ಮೇಡಂ? ನಾ ಹುಟ್ಟೂಕಿಂತ ಮೊದಲ ತೀರಿಕೊಂಡ್ರು."

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. "ಸತ್ತ ಮ್ಯಾಲೂ ಲಗೂ ಏಳ್ತಾರಂತ!" ಹಿಂದಿನಿಂದ ಯಾರೋ ಕೂಗಿದರು. ನಾನೂ ನಕ್ಕೆ.

ಮೇಡಂ ಮಾತ್ರ ನಗಲಿಲ್ಲ. "ಇನ್ನೊಮ್ಮೆ ಓದ್ರಿ ಸರ್... ಜೋರಾಗಿ."

ಓದಿದರು. ಮತ್ತೆ ನಗು. ಹಾಳೆ ಮಡಚಿ ಕೂರಲು ಹೋದರು.

"ಇನ್ನೊಮ್ಮೆ."

"ಸಾಕ್ರಿ ಮೇಡಂ... ಮಾನ ಹೋಗ್ತೈತಿ."

"ಹೌದಲ್ರಿ? ನಂದೂ ಹಿಂಗ ಹೋಗಿತ್ತು." ಮೇಡಂ ಮಾಸ್ತರರ ಎದುರಿಗೇ ಬಂದು ನಿಂತರು. "ಏಳನೇತ್ತಾಗ ನಾ ನಿಮ್ಮ ಕ್ಲಾಸಿನ್ಯಾಗಿದ್ದೆ. ನಮ್ಮಪ್ಪ ಕುಡದು ರಸ್ತೆದಾಗ ಮಲಗ್ತಾನ, ಆದ್ರ ನಿದ್ದ್ಯಾಗ ಅವನ ಮುಖ ಭಾಳ ಚಂದ ಇರ್ತೈತಿ ಅಂತ ಬರದಿದ್ದೆ. ನೀವು ಅದನ್ನ ಎಲ್ಲರಿಗೂ ಓದಿ ಓದಿ ನಕ್ಕ್ರಿ. ಕುಡುಕನ ಮಗಳು ಅನ್ನೂದ ನನ್ನ ಹೆಸರಾತು. ಕಾಲೇಜ್ ಮುಗಿಯೂತನಕ ನಾ ಸ್ವಂತದ್ದು ಒಂದ ಸಾಲು ಬರೀಲಿಲ್ರಿ!"

ಮಾಸ್ತರರ ಮುಖ ಕಪ್ಪಿಟ್ಟಿತು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ ನಾನು.

ಮೇಡಂ ಮಾಸ್ತರರ ಕೈಗೆ ಚಾಕ್‌ಪೀಸ್ ಕೊಟ್ಟರು. "ಈಗ ನಿಜಾ ಬರೀರಿ. ಬರಿಯೂತನಕ ಕೂಡೂಹಂಗಿಲ್ಲ."

ಅವರು ಬೋರ್ಡಿನ ಹತ್ತಿರ ಹೋಗಿ ಒಂದು ಸಾಲು ಬರೆದು ಒರೆಸಿದರು. ಆಮೇಲೆ ಬರೆದರು...

"ನನ್ನ ತಂದೆಯನ್ನು ನಾನು ನೋಡಿಲ್ಲ. ಒಂದು ಫೋಟೋ ಕೂಡ ಇಲ್ಲ. ಗೈಡಿನಲ್ಲಿದ್ದ ತಂದೆಯನ್ನೇ ನನ್ನ ತಂದೆ ಎಂದುಕೊಂಡು ಬೆಳೆದೆ."

ಈ ಸಲ ಯಾರೂ ನಗಲಿಲ್ಲ.

"ನಿನಗ ನೋಡಾಕ ಒಂದು ಮುಖಾನರ ಇತ್ತವಾ..." ಮಾಸ್ತರ ಅಳುತ್ತಿದ್ದರು. "ಅದನ್ನ ಓದಿ ನಂಗ ಹೊಟ್ಟಿಕಿಚ್ಚಾತು. ಅದಕ್ಕ ನಕ್ಕೆ. ತಪ್ಪಾತು."

ಮೇಡಂ ಕಣ್ಣೂ ತುಂಬಿತ್ತು. ಇನ್ನೇನು ಕ್ಷಮಿಸಿ ಗುರುಗಳ ಕಾಲಿಗೆ ಬೀಳುತ್ತಾರೆ, ನಾವು ಚಪ್ಪಾಳೆ ತಟ್ಟಿ ಊಟಕ್ಕೆ ಏಳಬಹುದು ಅಂದುಕೊಂಡೆ...

ಇಲ್ಲ!

"ಇಷ್ಟಕ್ಕ ಬಿಡೂದಿಲ್ರಿ ಸರ್. ನೀವು ರಿಟೈರ್ ಆಗೂದ್ರಾಗ ನಿಮ್ಮ ಕ್ಲಾಸಿನ ಪ್ರತಿ ಮಗೂನೂ ತಮ್ಮ ಅಪ್ಪನ ಬಗ್ಗೆ ನಿಜಾ ಬರೀಬೇಕು. ನೀವು ನಿಂತು ಕೇಳಬೇಕು. ಯಾರೂ ನಗಬಾರದು. ನಾ ಬಂದು ನೋಡ್ತೀನಿ. ಇದ ನನ್ನ ಸೇಡು."

ಹೇಳಿದ ಹಾಗೆಯೇ ಮುಂದೆ ಒಂದು ದಿನ ಮಾಸ್ತರರ ಶಾಲೆಗೆ ಹೋದರು. ಪಕ್ಕದೂರಿನವನು ಅಂತ ನನ್ನನ್ನೂ ಕರೆದುಕೊಂಡು ಹೋದರು.

ಬಾಗಿಲ ಹತ್ತಿರ ನಿಂತೆವು. ಒಳಗೆ ಒಂದು ಹುಡುಗಿ ಓದುತ್ತಿದ್ದಳು. "ನಮ್ಮಪ್ಪ ಜೈಲಿನಾಗ ಅದಾನ. ಅವನ ಅಂಗಿ ಇನ್ನೂ ಗೂಟಕ್ಕ ಐತಿ. ಅವ್ವ ಅದನ್ನ ತೊಳಿಯಾಕ ಬಿಡೂದಿಲ್ಲ."

ಹಿಂದಿನ ಸಾಲಿನಲ್ಲಿ ಯಾವನೋ ಕಿಸಕ್ಕನೆ ನಕ್ಕ.

"ಯಾವನಾಂವ ನಕ್ಕಾಂವ? ಎದ್ದು ನಿಂದ್ರು!" ಅಡಿವೆಪ್ಪ ಮಾಸ್ತರರ ಅಬ್ಬರಕ್ಕೆ ಇಡೀ ಶಾಲೆ ಗಪ್‌ಚುಪ್.

ಆಮೇಲೆ ಆ ಹುಡುಗಿಯ ಕಡೆ ತಿರುಗಿ, ಕೈಕಟ್ಟಿ ನಿಂತು, ಮೆತ್ತಗೆ ಹೇಳಿದರು... "ನೀ ಓದವಾ. ನಾ ಕೇಳಾಕತ್ತೀನಿ."

ದ್ಯಾಮವ್ವ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗ ತೀರ್ತು ನೋಡ್ರಿ" ಅಂದರು.

ಮಗು ಬರೆದ ನಿಜಕ್ಕೆ ನಕ್ಕವರು, ಆ ಮಗುವಿನ ಕೈಯಿಂದ ಪೆನ್ನನ್ನೇ ಕಸಿದುಕೊಂಡಂತೆ.

ನಿಮ್ಮ ಮಗು ಮೊನ್ನೆ ಶಾಲೆಯಲ್ಲಿ ಬರೆದ ಪ್ರಬಂಧದಲ್ಲಿ ಇರುವ ಅಪ್ಪ ನೀವೇನಾ...? ಅಥವಾ ಗೈಡಿನ ಅಪ್ಪನಾ...?